ಗಾಳಿ ಬಿಚ್ಚಿದ ಬೆಳಗು

ನಮ್ಮ ಮನೆಯ ಬಾಗಿಲ ಎರಡೂ ಬದಿಗೆ ನಾರಿನ ಹಗ್ಗಗಳು ಸದಾ ತೂಗಾಡುತ್ತಿದ್ದವು. ಕಡಲ ನೀರಿನಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿ, ಮತ್ತೆ ನೆನೆಸಿ ಹದ ಮಾಡಿದ ಆ ಹಗ್ಗಗಳ ಮೇಲೆ ಉಪ್ಪು ಬೆಳ್ಳಗೆ ಹರಳುಗಟ್ಟಿರುತ್ತಿತ್ತು. ಪ್ರತಿ ಹಗ್ಗಕ್ಕೂ ಒಂದು ಗಂಟು. ಒಳಗೆ ಹೋಗುವಾಗ ಭುಜ ತಾಕಿದರೆ ಆ ಗಂಟಿನೊಳಗೆ ಏನೋ ಮಿಸುಕಿದಂತಾಗುತ್ತಿತ್ತು, ಮುಷ್ಟಿಯಲ್ಲಿ ಹಿಡಿದ ಹಕ್ಕಿಮರಿಯ ಹಾಗೆ. ಚಿಕ್ಕಂದಿನ ದಿನಗಳನ್ನು ನೆನೆದಾಗಲೆಲ್ಲ ಮೊದಲು ಕಣ್ಣ ಮುಂದೆ ಬರುವುದು ಆ ಹಗ್ಗಗಳೇ.

ಅಮ್ಮ ಗಾಳಿ ಕಟ್ಟುವವಳು. ಅವಳ ತಾಯಿಯೂ ಆ ತಾಯಿಯ ತಾಯಿಯೂ ಅದೇ ಕೆಲಸ ಮಾಡಿದವರು. ಬಂಡೆಯ ತುದಿಯಲ್ಲಿ ಬೀಸುಗಾಳಿಗೆ ಎದುರಾಗಿ ನಿಂತು, ಹಗ್ಗವನ್ನು ಅದರ ದಾರಿಗೆ ಅಡ್ಡ ಹಿಡಿದು, ಏನನ್ನೋ ಗುನುಗುತ್ತ ಅವಳು ಗಂಟು ಬಿಗಿಯುತ್ತಿದ್ದಳು. ಮೀನು ಹಿಡಿಯುವವರು ಕಡಲಿಗೆ ಇಳಿಯುವ ಮುನ್ನ ಬಂದು ಒಂದೊಂದು ಹಗ್ಗ ಒಯ್ಯುತ್ತಿದ್ದರು. ನಡುಗಡಲಲ್ಲಿ ಹಾಯಿ ಜೋತುಬಿದ್ದಾಗ ಗಂಟು ಬಿಚ್ಚಿದರೆ ದಡ ಸೇರುವಷ್ಟು ಗಾಳಿ ಸಿಗುತ್ತಿತ್ತು. ಬದಲಿಗೆ ಅವರು ಮೀನನ್ನೋ ಎಣ್ಣೆಯನ್ನೋ ತಂದುಕೊಡುತ್ತಿದ್ದರು. ಊರಿನಲ್ಲಿ ಅಮ್ಮ ಮೆಲೀನಳಿಗೆ ಮರ್ಯಾದೆಯಿತ್ತು; ಅದರ ಅಡಿಯಲ್ಲಿ ಸ್ವಲ್ಪ ಭಯವೂ ಇತ್ತು.

ಅಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ಕಡಲಿನ ಪಾಲಾಗಿದ್ದ. ಮನೆಯಲ್ಲಿ ಅಮ್ಮ, ನಾನು, ನನಗಿಂತ ಬಹಳ ದೊಡ್ಡವನಾದ ಅಣ್ಣ ಫಿಲೋನ್, ಇಷ್ಟೇ ಜನ. ಇಳಿಜಾರಿನ ಕೆಳಗೆ, ಬಂದರಿಗೆ ಹತ್ತಿರ, ಹಾಯಿ ಹೊಲಿಯುವ, ನಾವು ಅತ್ತೆಯೆಂದು ಕರೆಯುತ್ತಿದ್ದ ತೆಲೆಸತ್ತೆಯ ಮನೆ. ಅವಳೂ ಗಂಡನನ್ನು ಕಳೆದುಕೊಂಡವಳು, ಅಮ್ಮನಿಗೆ ಒಡಹುಟ್ಟಿದವಳಂತಿದ್ದವಳು. ಅವಳ ಒಬ್ಬಳೇ ಮಗಳು ಮಿರ್ತೊ. ದಪ್ಪ ಬಟ್ಟೆಗೆ ಸೂಜಿ ತೂರಿಸಿ ತೂರಿಸಿ ಮಿರ್ತೊಳ ಹೆಬ್ಬೆರಳು ಗಂಡಸರದಂತೆ ಗಟ್ಟಿಯಾಗಿತ್ತು. ನನಗೆ ಈಜು ಕಲಿಸಿದವಳು ಅವಳೇ. ಹೆದರಿ ಕೈಕಾಲು ಬಡಿದರೆ ನಗುತ್ತಿದ್ದಳು, ಆದರೆ ಕುತ್ತಿಗೆಯ ಕೆಳಗೆ ಕೊಟ್ಟ ಕೈಯನ್ನು ಮಾತ್ರ ತೆಗೆಯುತ್ತಿರಲಿಲ್ಲ. ಅವಳಿಗೂ ಅಣ್ಣನಿಗೂ ಮದುವೆ ನಿಶ್ಚಯವಾಗಿತ್ತು.

ನನಗೆ ಹದಿಮೂರು ತುಂಬಿದ ವರ್ಷ ಯುದ್ಧದ ಮಾತು ಬಂತು. ಕಡಲಾಚೆಯ ಪಟ್ಟಣದವರು ಹಬ್ಬದ ಊಟಕ್ಕೆ ಕರೆದು ನಮ್ಮ ಅರಸನನ್ನು ಕೆಳಗಿನ ಸಾಲಿನಲ್ಲಿ ಕೂರಿಸಿದರಂತೆ. ಅಷ್ಟಕ್ಕೆ ಮನೆಗೊಬ್ಬ ಗಂಡಸು ಹಡಗು ಹತ್ತಬೇಕೆಂದು ಡಂಗುರ ಸಾರಿದರು. ನಮ್ಮ ಮನೆಯಿಂದ ಫಿಲೋನ್. ಹೊರಡುವ ಮೊದಲೇ ಮದುವೆ ಮುಗಿಸಿಬಿಡೋಣವೆಂದು ಹಿರಿಯರು ಮಾತಾಡಿಕೊಂಡರು. ತೆಲೆಸತ್ತೆ ಬಾಗಿಲಿಗೆ ಹಸಿ ಆಲಿವ್ ಎಲೆಗಳ ತೋರಣ ಕಟ್ಟಿದಳು. ಬಂದರಿನಲ್ಲಿ ಹಡಗುಗಳು ಒತ್ತೊತ್ತಾಗಿ ಬಂದು ನಿಂತವು.

ಆಗ ಗಾಳಿ ನಿಂತಿತು.

ಒಂದೆರಡು ದಿನವಾಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ವಾರಗಳು ಕಳೆದವು. ಕಡಲು ಬಟ್ಟಲಲ್ಲಿಟ್ಟ ಎಣ್ಣೆಯಂತೆ ಅಲುಗದೆ ಬಿದ್ದಿತ್ತು. ಪರವೂರುಗಳಿಂದ ಬಂದ ಸೈನಿಕರು ಬಾವಿಗಳನ್ನು ಬತ್ತಿಸಿದರು, ಹಗೇವುಗಳನ್ನು ಬರಿದು ಮಾಡಿದರು. ಹಡಗಿನ ಹೊಟ್ಟೆಯಲ್ಲಿದ್ದ ಧಾನ್ಯ ಹುಳಿತು ನಾರತೊಡಗಿತು. ಜ್ವರ ಹಬ್ಬಿ, ದಿನವೂ ಯಾರನ್ನಾದರೂ ಸುಡಲು ಒಯ್ಯುತ್ತಿದ್ದರು. ಮದುವೆಯ ಮಾತು ತಾನಾಗಿ ಹಿಂದೆ ಸರಿಯಿತು. ತೋರಣವನ್ನು ಮಾತ್ರ ತೆಲೆಸತ್ತೆ ಬಾಡಲು ಬಿಡದೆ ದೂರದ ಗುಡ್ಡದಿಂದ ಹೊಸ ಎಲೆ ತಂದು ಕಟ್ಟುತ್ತಿದ್ದಳು.

ದಳಪತಿಯೇ ನಮ್ಮ ಮನೆಗೆ ಬಂದ. ಒಳ್ಳೆಯ ಮಾತಿನಲ್ಲೇ ಕೇಳಿದ. ಅಮ್ಮ ಒಲೆಯ ಬಳಿ ನಿಂತೇ ಉತ್ತರ ಕೊಟ್ಟಳು. "ಗಾಳಿ ನನ್ನ ಮಾತು ಕೇಳ್ತಿಲ್ಲ ಒಡೆಯಾ. ಎಲ್ಲಿಗೆ ಹೋಗಿದೆಯೋ ನನಗೂ ತಿಳೀದು." ಬಾಗಿಲ ಹಗ್ಗಗಳಲ್ಲಿ ಕೆಲವನ್ನು ಬಿಚ್ಚಿ ನೋಡಿದರು. ಒಂದೊಂದರಿಂದ ದೋಣಿ ನೂಕುವಷ್ಟು ಗಾಳಿ ಬಂದು, ಆ ದೊಡ್ಡ ಹಾಯಿಗಳ ಅಂಚು ಅಲುಗಿಸಿ ಸತ್ತಿತು. ದಳಪತಿ ಹೊರಟುಹೋದ. ಅಮ್ಮ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ತಣ್ಣಗಿತ್ತು. ಅವಳಿಗೂ ಜ್ವರ ಬರುತ್ತಿದೆಯೆಂದು ನಾನು ಹೆದರಿದೆ.

ಅದಾದ ಮೇಲೆ ಜನ ಕಡಲೊಡೆಯನ ಗುಡಿಗೆ ಹೋದರು. ಪೂಜಾರಿ ಮೆತ್ತಗಿನ ಮುದುಕ. ಹಬ್ಬಕ್ಕೆ ಕುರಿ ಕಡಿಯುವಾಗಲೂ ಮುಖ ಆಚೆ ತಿರುಗಿಸುತ್ತಿದ್ದವನು. ದಳಪತಿಯ ಜನ ಗುಡಿಯೊಳಗೇ ಬೀಡುಬಿಟ್ಟು ಅವನನ್ನು ಕೇಳುತ್ತಲೇ ಹೋದರು. ಕೊನೆಗೆ ಅವನ ಬಾಯಿಂದ ಮಾತು ಹೊರಟಿತು: ದೇವರು ಮುನಿದಿದ್ದಾನೆ, ಗಾಳಿಗೆ ಬದಲು ಒಬ್ಬ ಕನ್ಯೆಯನ್ನು ಕೇಳುತ್ತಿದ್ದಾನೆ. ಗುಡಿಯ ಬಿಳಿ ಆಡನ್ನು ಬೀದಿಗೆ ಬಿಡುವುದು, ಅದು ಯಾರ ಮನೆಯ ಮುಂದೆ ನಿಲ್ಲುತ್ತದೋ ಆ ಮನೆಯ ಹೆಣ್ಣು.

ಆಡು ಹಸಿದಿತ್ತು. ಊರಿನಲ್ಲಿ ಹಸಿರೆಂಬುದೇ ಉಳಿದಿರಲಿಲ್ಲ. ಅದು ಬೀದಿಯುದ್ದಕ್ಕೂ ಮೂಸುತ್ತ ಇಳಿದು, ತೆಲೆಸತ್ತೆಯ ಬಾಗಿಲಿಗೆ ಮುಂಗಾಲು ಕೊಟ್ಟು ನಿಂತು, ಮದುವೆಯ ತೋರಣವನ್ನು ಎಳೆದೆಳೆದು ತಿಂದಿತು. ನಾನು ಗುಂಪಿನ ಮುಂದೆಯೇ ಇದ್ದೆ. ಆಡು ಯಾಕೆ ನಿಂತಿತೆಂದು ಅಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು. ಯಾರೂ ಬಾಯಿ ತೆರೆಯಲಿಲ್ಲ. ಪ್ರತಿಯೊಬ್ಬರ ಮುಖದಲ್ಲೂ ಅದು ತಮ್ಮ ಮನೆ ದಾಟಿ ಹೋಯಿತೆಂಬ ನಿರಾಳ ಇತ್ತು.

ಫಿಲೋನ್ ಕತ್ತಿ ಹಿರಿದನಂತೆ. ಅವನನ್ನು ಕೆಡವಿ ಹಗ್ಗ ಬಿಗಿದರು. ಮಿರ್ತೊಳನ್ನು ಗುಡಿಗೆ ಒಯ್ದರು. ಮರುದಿನ ಬೆಳಿಗ್ಗೆ, ಕಡಲಿಗೆ ಚಾಚಿದ ಬಂಡೆಯ ಮೇಲೆ ಕೆಲಸ ಮುಗಿಸುವುದೆಂದು ತೀರ್ಮಾನವಾಯಿತು.

ಆ ಬೆಳಿಗ್ಗೆ ನನಗೆ ಎಚ್ಚರವಾದಾಗ ಅಮ್ಮ ಒಲೆಯ ಪಕ್ಕದ ಚಪ್ಪಡಿ ಎಬ್ಬಿಸುತ್ತಿದ್ದಳು. ಅದರ ಕೆಳಗಿನ ಗುಳಿಯಿಂದ ಒಂದು ಹಗ್ಗ ತೆಗೆದಳು. ಅದರ ಗಂಟು ನನ್ನ ತಲೆಯಷ್ಟು ದಪ್ಪವಿತ್ತು, ಹಿಡಿದ ಅವಳ ಕೈಗಳನ್ನೇ ನಡುಗಿಸುತ್ತಿತ್ತು. ಅದೇನೆಂದು ನಾನು ಕೇಳಬೇಕಾಗಿರಲಿಲ್ಲ. ಇಡೀ ಕಡಲಿನ ಗಾಳಿಯನ್ನು ಅವಳು ನಮ್ಮ ಒಲೆಯ ಬುಡದಲ್ಲಿ ಹೂತಿಟ್ಟಿದ್ದಳು.

"ಬಿಚ್ಚಿದ್ರೆ ಫಿಲೋನ್ ಹೋಗ್ತಾನೆ," ಎಂದಳು ನನ್ನತ್ತ ನೋಡದೆ. "ಹೆದರಿಸ್ತಾರೆ ಅಷ್ಟೆ, ಕೊಯ್ಯೋಕೆ ಯಾರಿಗೂ ಕೈ ಬರಲ್ಲ ಅಂದ್ಕೊಂಡೆ. ಬೆಳಗಾಗೋವರೆಗೂ ಹಾಗೇ ಅಂದ್ಕೊಂಡೆ."

ಒಲೆಯ ಕಾವಿಗೆ ನಾರು ಒಣಗಿ ಗಂಟು ಕಲ್ಲಿನಂತಾಗಿತ್ತು. ಉಗುರು ಹಾಕಿ ಎಳೆದಳು, ಉಗುರು ಕಿತ್ತುಬಂತು. ನೀರು ಸುರಿದಳು. ಹಲ್ಲಿನಿಂದ ಕಚ್ಚಿ ಜಗ್ಗಿದಳು. ಕೆಳಗೆ ಗುಡಿಯ ಕಹಳೆ ಊದಿದ್ದು ಕೇಳಿಸಿತು. ನಾನು ಒಂದು ತುದಿ ಹಿಡಿದು ಕಾಲು ಗೋಡೆಗೆ ಒತ್ತಿ ಎಳೆದೆ. ಗಂಟು ಸಡಿಲಿತು, ಮತ್ತೊಮ್ಮೆ ಸಡಿಲಿತು. ಇದ್ದಕ್ಕಿದ್ದಂತೆ ಒಲೆಯ ಬೂದಿಯೆಲ್ಲ ಮೇಲೆದ್ದು, ಬಾಗಿಲು ಗೋಡೆಗೆ ಬಡಿದು, ಗಾಳಿ ನಮ್ಮಿಬ್ಬರನ್ನೂ ನೆಲಕ್ಕೆ ಕೆಡವಿ ಹೊರಗೆ ಹೋಯಿತು.

ನಾವು ಅದರ ಹಿಂದೆಯೇ ಓಡಿದೆವು. ಇಳಿಜಾರಿನ ತಿರುವಿನಿಂದ ಬಂಡೆ ಕಾಣುತ್ತದೆ. ಮಿರ್ತೊ ಮಂಡಿಯೂರಿ ಕುಳಿತಿದ್ದಳು. ಪೂಜಾರಿ ಕತ್ತಿ ಹಿಡಿದ ಕೈ ಎತ್ತಿ ನಿಂತಿದ್ದ. ಅವನು ಬಹಳ ಹೊತ್ತಿನಿಂದ ಹಾಗೇ ನಿಂತಿದ್ದನಂತೆ. ದಳಪತಿ ಗದರಿದರೂ ಕೈ ಇಳಿಸಿರಲಿಲ್ಲ. ದೇವರಿಂದ ಒಂದು ಗುರುತು ಬರಲಿ ಎನ್ನುತ್ತಿದ್ದನಂತೆ. ನಾವು ನೋಡುತ್ತಿದ್ದಂತೆ ಗಾಳಿ ಅವರನ್ನು ಮುಟ್ಟಿತು. ಮಿರ್ತೊಳ ಕೂದಲು ಹಾರಿತು. ಹಡಗುಗಳ ಹಾಯಿಗಳು ಒಂದರ ಹಿಂದೊಂದು ಉಬ್ಬಿದವು.

"ಬಂತು, ಗಾಳಿ ಬಂತು, ಅವಳನ್ನ ಬಿಡಿ," ಎಂದು ಅಮ್ಮ ಕೂಗಿದಳು. ಅದೇ ಗಾಳಿಯ ಭೋರಿನಲ್ಲಿ ಅವಳ ಕೂಗು ಮುಳುಗಿತು. ಕೆಳಗೆ ಜನರ ಹರ್ಷದ ಬೊಬ್ಬೆ ಎದ್ದಿತ್ತು. ಪೂಜಾರಿಯ ಅಳುಕು ಹೋಯಿತು.

"ಒಪ್ಪಿಕೊಂಡ," ಎಂದನಂತೆ ಅವನು. "ಕಡಲೊಡೆಯ ಒಪ್ಪಿಕೊಂಡ."

ಕೈ ಇಳಿಯಿತು.

ಸಂಜೆಯೊಳಗೆ ಬಂದರು ಬರಿದಾಗಿತ್ತು. ಫಿಲೋನ್‌ನನ್ನು ಕಟ್ಟಿದ ಹಗ್ಗದಲ್ಲೇ ಹಡಗಿಗೆ ಹೊತ್ತೊಯ್ದರು. ಅಮ್ಮ ಮನೆಗೆ ಬಂದು ಒಳಗೆ ಹೊರಗೆ ಇದ್ದ ಹಗ್ಗಗಳ ಗಂಟುಗಳನ್ನೆಲ್ಲ ಬಿಚ್ಚಿ ಹಾಕಿದಳು. ಬರಿಯ ಹಗ್ಗಗಳು ಬಾಗಿಲಲ್ಲಿ ಹಾಗೇ ಉಳಿದವು. ಮತ್ತೆಂದೂ ಅವಳು ಗಾಳಿ ಕಟ್ಟಲಿಲ್ಲ, ನನಗೂ ಕಲಿಸಲಿಲ್ಲ.

ಕೆಲವು ದಿನಗಳಾದ ಮೇಲೆ ಅವಳು ತೆಲೆಸತ್ತೆಯ ಮನೆಗೆ ಹೋದಳು. ನನ್ನನ್ನೂ ಕರೆದುಕೊಂಡು ಹೋದಳು. ಒಬ್ಬಳೇ ಆ ಹೊಸಿಲು ದಾಟುವ ಧೈರ್ಯ ಅವಳಿಗಿರಲಿಲ್ಲವೇನೋ. ತೆಲೆಸತ್ತೆ ಹರಿದ ಹಾಯಿಯೊಂದನ್ನು ಮಡಿಲಿಗೆ ಹಾಕಿಕೊಂಡು ಕೂತಿದ್ದಳು. ಅಮ್ಮ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು: ಮಗನನ್ನು ಉಳಿಸಿಕೊಳ್ಳಲು ಗಾಳಿ ಕಟ್ಟಿದ್ದು, ದಳಪತಿಗೆ ಸುಳ್ಳು ಹೇಳಿದ್ದು, ಬಿಚ್ಚಲು ತಡಮಾಡಿದ್ದು. ಯಾವ ದೇವರೂ ಮಿರ್ತೊಳನ್ನು ಕೇಳಿರಲಿಲ್ಲ ಎಂದಳು. ನಾಳೆಯೇ ಊರಿಗೆಲ್ಲ ಹೇಳುತ್ತೇನೆ, ಅವರು ಏನು ಬೇಕಾದರೂ ಮಾಡಲಿ ಎಂದಳು.

ತೆಲೆಸತ್ತೆ ಸೂಜಿ ಕೆಳಗಿಡಲಿಲ್ಲ. ಬಹಳ ಹೊತ್ತು ಹೊಲಿಯುತ್ತಲೇ ಇದ್ದಳು.

"ಮೆಲೀನಕ್ಕ," ಎಂದಳು ಕೊನೆಗೆ. "ಬೀದೀಲಿ ಹೋಗೋರೆಲ್ಲ ನನ್ನ ಬಾಗಿಲಿಗೆ ಕೈ ಮುಗೀತಾರೆ. ನನ್ನ ಮಗಳನ್ನ ದೇವರು ಕೇಳಿ ತಗೊಂಡ ಅಂತಾರೆ. ಅದೊಂದನ್ನ ಹಿಡ್ಕೊಂಡು ನಾನು ಬೆಳಿಗ್ಗೆ ಏಳ್ತೀನಿ. ಅದನ್ನೂ ಬಿಚ್ಚಬೇಡ."

ಅಮ್ಮ ಏನೋ ಹೇಳಹೋದಳು.

"ನೀನು ಇದನ್ನ ಹೇಳಿಲ್ಲ, ನಾನು ಕೇಳಿಲ್ಲ. ಇನ್ನು ಈ ಮನೆಗೆ ಬರಬೇಡ."

ಹಾಗೆ ಅಮ್ಮನ ಬಾಯಿ ಮುಚ್ಚಿತು. ಊರಿನವರು ಬಂಡೆಯ ಮೇಲೆ ಮಿರ್ತೊಳ ಶಿಲೆ ನಿಲ್ಲಿಸಿದರು. ಗಾಳಿ ಕೊಟ್ಟ ತಾಯಿ ಎಂದು ಅವಳನ್ನು ಕರೆದರು. ಮಕ್ಕಳು ಅವಳ ಮೇಲೆ ಕಟ್ಟಿದ ಹಾಡು ಹೇಳಿಕೊಂಡು ಕುಣಿಯುತ್ತಿದ್ದರು. ಆ ಹಾಡು ಬೀದಿಯಲ್ಲಿ ಕೇಳಿಬಂದಾಗಲೆಲ್ಲ ಅಮ್ಮ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ಮೂರನೆಯ ವರ್ಷ ಹಡಗುಗಳು ಮರಳಿದವು. ಹೋದವರಲ್ಲಿ ಅರ್ಧ ಜನ ಇರಲಿಲ್ಲ. ಫಿಲೋನ್ ಬಂದ. ಕಟ್ಟಿಸಿಕೊಂಡು ಹೋದವನು ನಾಯಕನಾಗಿ ಬಂದ. ಮನೆಗೆ ಬಂದ ದಿನ ರೊಟ್ಟಿ ಮುರಿಯುತ್ತ, ಹವಾಮಾನದ ಮಾತಾಡುವವನ ಹಾಗೆ ಆ ಪಟ್ಟಣದ ಕತೆ ಹೇಳಿದ. ಗೋಡೆ ಒಡೆದು ಒಳಹೊಕ್ಕ ಮೇಲೆ ಒಂದು ಬೀದಿಯನ್ನೂ ಬಿಡಲಿಲ್ಲವಂತೆ. ಮುದುಕರು, ತೊಟ್ಟಿಲ ಕೂಸುಗಳು, ಯಾರನ್ನೂ.

"ಪ್ರತಿ ಬಾಗಿಲಲ್ಲೂ ಮಿರ್ತೊ ಹೆಸರು ಹೇಳ್ದೆ ಅಮ್ಮ," ಎಂದ. "ಅವಳು ಕೊಟ್ಟ ಪ್ರಾಣ ದಂಡವಾಗಬಾರದಲ್ಲ."

ಅಮ್ಮ ಅವನನ್ನೇ ನೋಡುತ್ತಿದ್ದಳು. ಅವಳ ತುಟಿ ಅಲುಗಿದ್ದನ್ನು ನಾನು ಕಂಡೆ. ಆದರೆ ತೆಲೆಸತ್ತೆ ಬೇಡವೆಂದಿದ್ದಳು. ಎದ್ದು ಅವನ ಬಟ್ಟಲಿಗೆ ಇನ್ನಷ್ಟು ಸಾರು ಬಡಿಸಿದಳು. ಉಳಿಸಿಕೊಳ್ಳಲೆಂದು ಅವಳು ಗಾಳಿ ಕಟ್ಟಿದ್ದ ಮಗ ಆ ಹಡಗಿನಲ್ಲಿ ಮರಳಿರಲಿಲ್ಲ. ಅವನ ಮುಖ ಹೊತ್ತ ಇನ್ನಾರೋ ಬಂದು ನಮ್ಮ ಒಲೆಯ ಮುಂದೆ ಕೂತಿದ್ದ.

ಮುಂದಿನ ವರ್ಷ ಮತ್ತೊಂದು ಪಟ್ಟಣದ ಮೇಲೆ ದಂಡು ಹೊರಡುವುದಾಯಿತು. ಕಾರಣ ಏನೆಂದು ಈಗ ನೆನಪಿಲ್ಲ. ಹಡಗುಗಳು ಬಂದು ನಿಂತವು, ಗಾಳಿ ನಿಂತಿತು. ಈ ಸಲ ಅದನ್ನು ಯಾರೂ ಕಟ್ಟಿರಲಿಲ್ಲ. ಹಾಗೆ ಕೆಲವು ವರ್ಷ ಬೇಸಗೆಯ ನಡುವೆ ಗಾಳಿ ಅಡಗುವುದುಂಟು, ಹಳಬರಿಗೆ ಗೊತ್ತಿತ್ತು. ಆದರೆ ಕಾಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಏನು ಮಾಡಿದರೆ ಗಾಳಿ ಬರುತ್ತದೆಂದು ಈಗ ಎಲ್ಲರೂ ಬಲ್ಲವರಾಗಿದ್ದರು. ಆಡನ್ನು ಬಿಡುವ ದಿನ ಗೊತ್ತಾದದ್ದೇ ಜನ ತಮ್ಮ ಬಾಗಿಲ ಮುಂದಿನ ಹುಲ್ಲು ಕಿತ್ತರು, ಬಳ್ಳಿ ಕಡಿದರು, ತುಳಿದ ಸೊಪ್ಪನ್ನೂ ಗುಡಿಸಿದರು. ದೇವರ ಆಯ್ಕೆ ಎನ್ನುತ್ತಲೇ ಗುಡಿಸಿದರು.

ನಮ್ಮ ಬಾಗಿಲಲ್ಲಿ ಆ ಹಳೆಯ ಹಗ್ಗಗಳಿದ್ದವು. ಗಂಟಿಲ್ಲದಿದ್ದರೂ ಉಪ್ಪು ಹಿಡಿದಿದ್ದ ಹಗ್ಗಗಳು. ಆಡು ಬಂದು ಅವನ್ನು ಒಂದೊಂದಾಗಿ ನೆಕ್ಕತೊಡಗಿತು.

ನನಗಾಗ ಹದಿನೇಳು, ಮಿರ್ತೊ ಸತ್ತಾಗಿನ ವಯಸ್ಸು. ಗುಡಿಯವರು ನನ್ನ ಕೈ ಹಿಡಿದುಕೊಂಡಾಗ ನಾನು ಅಣ್ಣನತ್ತ ನೋಡಿದೆ. ಅವನು ಹತ್ತಿರ ಬಂದು ನನ್ನ ತಲೆ ಸವರಿದ. "ಹೆದರಬೇಡ ಪುಟ್ಟಿ," ಎಂದ. "ಅಲ್ಲಿ ಮಿರ್ತೊ ಇದ್ದಾಳೆ." ಅವನ ಕಣ್ಣಲ್ಲಿ ನೀರಿತ್ತು, ಅದು ನಿಜವಾದದ್ದೇ. ಆ ಮಾತಿಗೆ ನಾನು ಹೆದರಿದಷ್ಟು ಕತ್ತಿಗೂ ಹೆದರಲಿಲ್ಲ.

ಗುಡಿಯ ಮುಂದಿನ ಬಯಲಿನಲ್ಲಿ, ಊರೆಲ್ಲ ನೆರೆದಿದ್ದಾಗ, ಅಮ್ಮ ಮೆಟ್ಟಿಲು ಹತ್ತಿ ನಿಂತಳು. ಹೇಳಬೇಕಾದ್ದನ್ನು ನೇರವಾಗಿ ಹೇಳಿದಳು: ಅಂದು ಬಂದ ಗಾಳಿ ನನ್ನದು. ಕಟ್ಟಿದವಳು ನಾನು, ಬಿಚ್ಚಿದವಳೂ ನಾನು. ಆ ಹುಡುಗಿಯ ರಕ್ತಕ್ಕೂ ಗಾಳಿಗೂ ಸಂಬಂಧವಿಲ್ಲ ಎಂದಳು. ಹಿಂದಿನಿಂದ ಒಬ್ಬ ನಕ್ಕ.

"ಕಂಡೋರ ಮಗಳಾದಾಗ ಬಾಯಿ ಇರಲಿಲ್ಲ. ತನ್ನ ಮಗಳು ಅಂದಾಗ ಬಂತು ನೋಡಿ ಕತೆ," ಎಂದ ಆತ. ಹೌದು ಹೌದೆಂದು ಬಯಲೆಲ್ಲ ಗುಜುಗುಟ್ಟಿತು. ದಳಪತಿ ಕೈ ಬೀಸಿದ. ನನ್ನನ್ನು ಬಂಡೆಯ ಕಡೆ ಎಳೆದರು.

ಗುಂಪು ಮೆಲ್ಲಗೆ ಇಬ್ಭಾಗವಾಯಿತು. ತೆಲೆಸತ್ತೆ ಬರುತ್ತಿದ್ದಳು. ದೇವರಿಗೆ ಮಗಳನ್ನು ಕೊಟ್ಟವಳೆಂದು ಜನ ಬಾಗಿ ದಾರಿ ಬಿಡುತ್ತಿದ್ದರು. ಇಷ್ಟು ವರ್ಷಗಳಲ್ಲಿ ಅವಳು ನಮ್ಮತ್ತ ಕಣ್ಣೆತ್ತಿ ನೋಡಿರಲಿಲ್ಲ. ಅಂದೂ ನೋಡಲಿಲ್ಲ. ನೇರವಾಗಿ ಪೂಜಾರಿಯ ಮುಂದೆ ಹೋಗಿ ನಿಂತಳು.

"ಅವಳು ಹೇಳಿದ್ದು ನಿಜ," ಎಂದಳು. "ಆಗಲೇ ನನ್ನ ಹತ್ರ ಬಂದು ಹೇಳಿದ್ದಳು. ಊರಿಗೂ ಹೇಳ್ತೀನಿ ಅಂದಳು. ಬೇಡ ಅಂದವಳು ನಾನು. ನನ್ನ ಮಗಳನ್ನ ದೇವರು ಕೇಳಲಿಲ್ಲ. ನೀವು ಕೊಂದಿರಿ. ಹಸಿದ ಆಡು ಎಲೆ ತಿಂತು, ನೀವು ನೋಡ್ತಾ ನಿಂತಿರಿ, ಕೊಂದಿರಿ."

ದೊಡ್ಡ ದನಿಯಲ್ಲಿ ಹೇಳಲಿಲ್ಲ. ಆದರೂ ಬಯಲಿನ ಕೊನೆಯವರೆಗೆ ಕೇಳಿಸಿತು. ಪೂಜಾರಿ ತನ್ನ ಬಲಗೈಯನ್ನು ನೋಡಿಕೊಂಡ. ನೋಡುತ್ತ ನೋಡುತ್ತ ಕತ್ತಿಯನ್ನು ಮೆಟ್ಟಿಲ ಮೇಲಿಟ್ಟು ಗುಡಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ನನ್ನನ್ನು ಹಿಡಿದಿದ್ದ ಕೈಗಳು ಸಡಿಲಾದವು. ಜನರ ನಡುವೆ ನಿಂತಿದ್ದ ಫಿಲೋನ್ ಇದ್ದಲ್ಲೇ ನೆಲಕ್ಕೆ ಕುಸಿದು ಕುಳಿತ.

ಆಮೇಲೆ ಮೊದಲ ಕಲ್ಲು ಬಂತು.

ಮಿರ್ತೊಳಿಗಾಗಿ ಎಸೆದವರಿದ್ದರು. ಯುದ್ಧದಲ್ಲಿ ಸತ್ತ ತಮ್ಮ ಮಕ್ಕಳಿಗಾಗಿ ಎಸೆದವರಿದ್ದರು. ಇಷ್ಟು ವರ್ಷ ಕೈ ಮುಗಿದ ಶಿಲೆ ಬರಿಯ ಕಲ್ಲಾಯಿತೆಂಬ ಸಿಟ್ಟಿಗೆ ಎಸೆದವರೂ ಇದ್ದರು. "ಈಗಲೂ ನೀನೇ ಕಟ್ಟಿದ್ದೀಯ, ಬಿಚ್ಚು," ಎಂದು ದಳಪತಿಯ ಜನ ಕೂಗುತ್ತಿದ್ದರು. ಅಮ್ಮ ಎರಡೂ ಬರಿಗೈಗಳನ್ನು ಅವರ ಮುಂದೆ ಚಾಚಿ ತೋರಿಸಿದಳು. ಓಡಲಿಲ್ಲ. ನಾನು ಅತ್ತ ನುಗ್ಗಹೋದೆ. ತೆಲೆಸತ್ತೆ ನನ್ನನ್ನು ಸೆಳೆದು ತನ್ನ ಎದೆಗೆ ಮುಖ ಒತ್ತಿ ಹಿಡಿದಳು. ಅವಳ ಬಟ್ಟೆಯಿಂದ ಮೇಣದ, ಹಾಯಿಯ ವಾಸನೆ ಬರುತ್ತಿತ್ತು. ಕೊಸರಾಡಿದೆ, ಕಚ್ಚಿದೆ, ಅವಳು ಬಿಡಲಿಲ್ಲ. ಸದ್ದು ನಿಲ್ಲುವವರೆಗೂ ಬಿಡಲಿಲ್ಲ.

ಗಾಳಿ ಬರಲಿಲ್ಲ. ಅಂದೂ ಬರಲಿಲ್ಲ, ಆ ವಾರವೂ ಬರಲಿಲ್ಲ. ಒಬ್ಬಳು ಸತ್ತಿದ್ದಳು, ಅವಳ ರಕ್ತ ಬಯಲಲ್ಲೇ ಒಣಗಿತ್ತು, ಹಾಯಿಗಳು ಜೋತುಬಿದ್ದೇ ಇದ್ದವು. ಇನ್ನೊಂದು ಹೆಣ್ಣನ್ನು ಕೇಳುವ ಬಾಯಿ ಯಾರಿಗೂ ಇರಲಿಲ್ಲ. ಧಾನ್ಯ ಮುಗಿದ ಮೇಲೆ ಪರವೂರಿನವರು ಗುಂಪು ಗುಂಪಾಗಿ ಕಾಲುದಾರಿ ಹಿಡಿದು ಮನೆಗಳಿಗೆ ಹೋದರು. ಆ ಯುದ್ಧ ನಡೆಯಲೇ ಇಲ್ಲ. ಋತು ತಿರುಗಿದಾಗ ಗಾಳಿ ಯಾರನ್ನೂ ಕೇಳದೆ ತಾನಾಗಿ ಬೀಸಿತು. ಖಾಲಿ ಬಂದರಿನಲ್ಲಿ ಬೀಸಿ ಹೋಯಿತು. ಅಷ್ಟು ಹೊತ್ತಿಗೆ ಫಿಲೋನ್ ಊರು ಬಿಟ್ಟಿದ್ದ. ಕಡಲಿನ ಹೆಸರನ್ನೂ ಜನ ಕೇಳಿರದ ಕಡೆಗೆ ನಡೆದುಹೋಗುತ್ತೇನೆ ಎಂದಿದ್ದ. ಅವನ ಸುದ್ದಿ ಮತ್ತೆ ಬರಲಿಲ್ಲ.

ಆದರೆ ನಾನು ಹೇಳಬೇಕೆಂದಿದ್ದದ್ದು ಅಮ್ಮ ಸತ್ತ ದಿನದ ಮಧ್ಯಾಹ್ನದ ಮಾತು. ಬಯಲು ಬರಿದಾದ ಮೇಲೆ ಫಿಲೋನ್ ಅವಳನ್ನು ಎತ್ತಿಕೊಂಡು ಮನೆಗೆ ತಂದು ಮಲಗಿಸಿದ. ಒಂದು ಮಾತೂ ಆಡದೆ ಹೊರಗೆ ಹೋದ. ಊರಿನ ಹೆಂಗಸರು ಯಾರೂ ಬರಲಿಲ್ಲ. ತೆಲೆಸತ್ತೆ ಬಂದಳು. ತಾನೇ ನೀರು ಕಾಯಿಸಿದಳು. ನನ್ನನ್ನು ಮೂಲೆಯಲ್ಲಿ ಕೂರಿಸಿ ಅಮ್ಮನ ಮೈ ತೊಳೆದಳು, ಒಡೆದ ಹಣೆಯನ್ನು ಒರೆಸಿ ಹಿಂಡಿ ಒರೆಸಿದಳು, ತಾನು ತಂದಿದ್ದ ಹೊಸ ಹಾಯಿಬಟ್ಟೆಯಲ್ಲಿ ಸುತ್ತಿ ಅಂಚು ಹೊಲಿದಳು. ಹೊಲಿಗೆ ಮುಗಿದ ಮೇಲೆ ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಎದೆಯ ಬಟ್ಟೆಗೆ ಚುಚ್ಚಿಕೊಂಡಳು.

ಇನ್ನು ಹೋಗುತ್ತಾಳೆಂದು ನಾನು ಕಾದೆ. ಅವಳು ಹೋಗಲಿಲ್ಲ. ಅಮ್ಮನ ಪಕ್ಕದಲ್ಲೇ ಬರಿಯ ನೆಲದ ಮೇಲೆ ಮಗ್ಗುಲಾಗಿ ಒರಗಿ, ತೋಳನ್ನು ತಲೆಗೆ ಕೊಟ್ಟುಕೊಂಡು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅವಳ ಉಸಿರು ಭಾರವಾಯಿತು. ವರ್ಷಗಟ್ಟಲೆ ನಿದ್ದೆ ಕಾಣದವರು ಮಲಗುವ ಹಾಗೆ, ಬಾಯಿ ತುಸು ತೆರೆದು, ಅವಳು ನಿದ್ದೆ ಹೋಗಿದ್ದಳು. ಕಿಟಕಿಯ ಬಿಸಿಲು ಸರಿಯುತ್ತ ಅವಳ ಮುಖದವರೆಗೆ ಬಂದಿತ್ತು. ನಾನು ಸದ್ದಾಗದಂತೆ ಎದ್ದು ಕಿಟಕಿಯ ಕದವನ್ನು ಅರ್ಧ ಮುಚ್ಚಿದೆ.